ಹಳೇ ಸಿನಿಮಾಗಳ ಶೂಟಿಂಗ್ ಜಾಗ: ಮೈಸೂರು, ಮಂಡ್ಯ ಕಡೆ ಈಗ ಏನೇನು ಉಳಿದಿದೆ?

ಸರಸ್ವತಿಪುರಂ ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ ನಿವೃತ್ತ ಟೀಚರ್. ಮಧ್ಯಾಹ್ನ ಊಟ ಆದ ಮೇಲೆ ಟೀವಿಯಲ್ಲಿ ಹಳೇ ಕನ್ನಡ ಸಿನಿಮಾ ಹಾಕಿಕೊಂಡು ಕೂರುತ್ತಾರೆ. ಕಥೆಗಿಂತ ಹಿಂದೆ ಕಾಣುವ ಜಾಗದ ಮೇಲೇ ಅವರ ಕಣ್ಣು ಜಾಸ್ತಿ. "ಇದು ಬಲಮುರಿ ಕಣೇ." "ಇದು ಮೇಲುಕೋಟೆ, ಆ ಮೆಟ್ಟಿಲು ನೋಡು." ನಮ್ಮ ಮಾವ ಒಪ್ಪೋದಿಲ್ಲ. ಅತ್ತ ತೆರೆಯ ಮೇಲೆ ಹೀರೋಯಿನ್ ಗೋಳೋ ಅಂತ ಅಳುತ್ತಿರುತ್ತಾಳೆ, ಇತ್ತ ಇವರಿಬ್ಬರಿಗೂ ಹಿಂದಿನ ಬಂಡೆ ಯಾವ ಊರಿನದು ಅಂತ ವಾದ.

ದಸರಾ ರಜೆಗೆ ನಾದಿನಿ ಮನೆಯವರು ಪುಣೆಯಿಂದ ಬರುತ್ತಿದ್ದಾರೆ. ಒಂದು ಗಾಡಿ ಮಾಡಿಕೊಂಡು ಎಲ್ಲರೂ ಈ ಜಾಗಗಳನ್ನು ನೋಡಿ ಬರೋಣ ಅಂತ ಅತ್ತೆಯೇ ಹೊರಡಿಸಿದ್ದು. ಅರಮನೆ, ಝೂ, ಚಾಮುಂಡಿ ಬೆಟ್ಟ ಎಲ್ಲ ಆಗಿದೆ, ಅದು ಬೇಡ. ಗೂಗಲ್ ಮಾಡಿದರೆ "ಮೈಸೂರಿನ ಹತ್ತು ಸುಂದರ ತಾಣಗಳು" ಅಂತಲೇ ಬರುತ್ತದೆ. ಒಂದನ್ನು ನೋಡಿ ಇನ್ನೊಂದು ಬರೆದ ಹಾಗಿದೆ ಎಲ್ಲವೂ.

ನನಗೆ ಬೇಕಾಗಿರುವುದು ಇಷ್ಟು. ನಿಜವಾಗಿ ಹೋಗಿ ನಿಂತರೆ "ಹೌದು, ಇದೇ ಜಾಗ" ಅಂತ ಗುರುತು ಸಿಗುವಂಥವು ಯಾವುವು? ಮೈಸೂರಿನಲ್ಲಿ ದೊಡ್ಡ ಸ್ಟುಡಿಯೋ ಇತ್ತಲ್ಲ, ಅಲ್ಲಿ ಈಗ ನೋಡಲು ಏನಾದರೂ ಇದೆಯಾ? ಅತ್ತೆಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಆಗುವುದಿಲ್ಲ. ನಾದಿನಿಯ ಗಂಡನಿಗೆ ಕನ್ನಡ ಸಿನಿಮಾ ಅಷ್ಟಾಗಿ ಗೊತ್ತಿಲ್ಲ, ಅವರಿಗೆ ಶೋಲೆ ಅಂದರೆ ಪ್ರಾಣ. ರಾಮನಗರವನ್ನೂ ಇದರಲ್ಲೇ ಸೇರಿಸಬಹುದಾ?

ಇನ್ನೊಂದು ಮಾತು. "ಬಂಗಾರದ ಮನುಷ್ಯ"ದ ಆ ಹಾಡಿನಲ್ಲಿ ವಿಶ್ವೇಶ್ವರಯ್ಯನವರ ಹೆಸರು, ಕನ್ನಂಬಾಡಿ ಹೆಸರು ಬರುತ್ತದಲ್ಲ, ಅದಕ್ಕೇ ಅತ್ತೆಗೆ ಕಟ್ಟೆಯ ಮೇಲೆ ಒಮ್ಮೆ ನಡೆಯಬೇಕಂತೆ. ಬಿಡುತ್ತಾರಾ?

---

ಬೆಳಗೊಳ ಬೈಕು:

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ ಮೇಡಂ. ಕಟ್ಟೆಯ ಮೇಲೆ ಸಾರ್ವಜನಿಕರನ್ನು ಬಿಡೋದಿಲ್ಲ. ಭದ್ರತೆ. ಮುಂಚೆ ಬಿಡುತ್ತಿದ್ದ ಕಾಲದಲ್ಲಿ ನಡೆದವರು ಪುಣ್ಯವಂತರು. ಕೆಳಗೆ ಬೃಂದಾವನದಿಂದ ಗೋಡೆ ಪೂರ್ತಿ ಕಾಣುತ್ತದೆ, ಅಲ್ಲಿಂದಲೇ ನೋಡಬೇಕು.

ಹಾಗಂತ ಬೃಂದಾವನ ಬಿಡಬೇಡಿ. ಎಲ್ಲರೂ ಸಂಜೆ ಕಾರಂಜಿ ಲೈಟಿಗೆ ಹೋಗುತ್ತಾರೆ. ನೀವು ಬಾಗಿಲು ತೆಗೆದ ಹೊತ್ತಿಗೇ ಹೋಗಿ. ಹಳೇ ಹಾಡುಗಳು ತೆಗೆದಿದ್ದು ಹಗಲು ಬೆಳಕಿನಲ್ಲಿ. ಕಟ್ಟೆ ಕಡೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ನಡುವೆ ನೀರಿನ ಕಾಲುವೆ, ಎರಡೂ ಕಡೆ ಕತ್ತರಿಸಿದ ಗಿಡ. ಇಷ್ಟನ್ನು ನೋಡಿದರೆ ಸಾಕು, ಬಣ್ಣದ ಸಿನಿಮಾ ಶುರುವಾದ ಕಾಲದ ಅರ್ಧ ಹಾಡುಗಳು ಕಣ್ಣ ಮುಂದೆ ಬರುತ್ತವೆ. ಕನ್ನಡ ಮಾತ್ರ ಅಲ್ಲ, ತಮಿಳು, ತೆಲುಗು, ಹಿಂದಿ ಎಲ್ಲ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮಾಡಿಸಿದ ತೋಟ, ಮೂಲ ನಕ್ಷೆ ಈಗಲೂ ಹೆಚ್ಚು ಬದಲಾಗಿಲ್ಲ. ಗಿಡ ಬದಲಾಗಿದೆ, ಲೈಟ್ ಕಂಬ ಬದಲಾಗಿದೆ, ಇಳಿಜಾರು ಅದೇ.

ಭಾನುವಾರ ಮಾತ್ರ ಬೇಡ. ದಸರಾದಲ್ಲಂತೂ ಬೇಡವೇ ಬೇಡ. ಪಾರ್ಕಿಂಗಿನಿಂದ ಗೇಟಿಗೆ ಬರುವಷ್ಟರಲ್ಲೇ ಅತ್ತೆಯವರ ಮಂಡಿ ಕೈಕೊಡುತ್ತದೆ.

---

ಟಿಫನ್ ಟೆಂಪೋ:

ಇದು ನನ್ನ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪ ಪಡುವಾರಹಳ್ಳಿಯಲ್ಲಿ ಮೆಸ್ ಇಟ್ಟಿದ್ದರು. ಶೂಟಿಂಗ್ ಯೂನಿಟ್‌ಗಳಿಗೆ ತಿಂಡಿ, ಊಟ ಕಳಿಸುವ ಕೆಲಸ. ಹೈಸ್ಕೂಲು, ಕಾಲೇಜು ರಜೆಯಲ್ಲಿ ನಾನೂ ಟೆಂಪೋ ಹಿಂದೆ ಕೂತು ಹೋಗುತ್ತಿದ್ದೆ. ಬೆಳಗಿನ ಜಾವ ಹೊರಟರೆ ಯೂನಿಟ್ ಬಸ್ಸು ಬರುವ ಮುಂಚೆ ನಾವು ಅಲ್ಲಿರಬೇಕು. ಹಾಗಾಗಿ ಲೊಕೇಶನ್ ಅಂದರೆ ನಮಗೆ ಬೇರೆಯೇ ಲೆಕ್ಕ. ನೀರು ಎಲ್ಲಿ ಸಿಗುತ್ತದೆ, ಗಾಳಿಗೆ ಸ್ಟೌ ಆರದ ಹಾಗೆ ಮರೆ ಎಲ್ಲಿದೆ, ನೂರು ಜನ ಕೂತು ಉಣ್ಣುವಷ್ಟು ನೆರಳು ಯಾವ ಮರದ್ದು. ಡೈರೆಕ್ಟರ್ ಸೂರ್ಯ ನೋಡಿ ಜಾಗ ಆರಿಸುತ್ತಿದ್ದರು, ನಮ್ಮಪ್ಪ ಬೋರ್‌ವೆಲ್ ನೋಡಿ. ಎಷ್ಟೋ ಜಾಗ ಇವತ್ತೂ ನನಗೆ ನೆನಪಿರುವುದು ಹಾಡಿನಿಂದಲ್ಲ, ಒಲೆ ಹೂಡಿದ ಕಲ್ಲಿನಿಂದ.

ಮೊದಲು ಸ್ಟುಡಿಯೋ. ನೀವು ಕೇಳಿದ್ದು ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋ. 1950ರ ದಶಕದಲ್ಲಿ ಬಸವರಾಜಯ್ಯನವರು ಕಟ್ಟಿದ್ದು. ಮದರಾಸಿಗೇ ಹೋಗಬೇಕಾಗಿದ್ದ ಕಾಲದಲ್ಲಿ ಕನ್ನಡ ಸಿನಿಮಾ ನಮ್ಮೂರಲ್ಲೇ ತೆಗೆಯಲು ಸಾಧ್ಯವಾಗಿದ್ದು ಅದರಿಂದ. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್‌ಗೆ ಬೆಂಕಿ ಬಿತ್ತು. 62 ಜನ ಹೋದರು. ಆ ದಿನ ನಮ್ಮ ಮೆಸ್ಸಿನ ಊಟ ಅಲ್ಲಿಗೆ ಹೋಗಿರಲಿಲ್ಲ, ಆದರೆ ಸತ್ತವರಲ್ಲಿ ನಮ್ಮ ಮೆಸ್ಸಿಗೆ ಬಂದು ಉಣ್ಣುತ್ತಿದ್ದವರು ಇದ್ದರು. ಲೈಟಿನವರು, ಕಾರ್ಪೆಂಟರ್‌ಗಳು, ಚಿಕ್ಕ ಪುಟ್ಟ ಪಾತ್ರದವರು. ಅದಕ್ಕಿಂತ ಜಾಸ್ತಿ ಬರೆಯಲ್ಲ. ಕಟ್ಟಡ ಕೆಡವಿ ವರ್ಷಗಳಾದವು. ಹೋಗಿ ನೋಡಲು ಏನೂ ಇಲ್ಲ.

ಆದರೆ ಅದೇ ಕಡೆ ಇನ್ನೊಂದು ಕಟ್ಟಡ ಇದೆ, ಅದನ್ನು ತಪ್ಪಿಸಬೇಡಿ. ಜಯಲಕ್ಷ್ಮಿಪುರಂನ ಚಿತ್ತರಂಜನ್ ಮಹಲ್. ಈಗ ಗ್ರೀನ್ ಹೋಟೆಲ್. ಮಹಾರಾಜರ ಮನೆತನದ ರಾಜಕುಮಾರಿಯರಿಗೆ ಅಂತ ಕಟ್ಟಿಸಿದ್ದು, ಮುಂದೆ ಪ್ರೀಮಿಯರ್ ಸ್ಟುಡಿಯೋ ಜೊತೆಗೂ ನಂಟಿತ್ತು. ಅದಕ್ಕೂ ಮುಂಚಿನ ಕಥೆ ಕೇಳಿ. 1930ರ ದಶಕದಲ್ಲಿ ರಾಬರ್ಟ್ ಫ್ಲಾಹರ್ಟಿ ಅನ್ನುವ ದೊಡ್ಡ ಡಾಕ್ಯುಮೆಂಟರಿ ನಿರ್ದೇಶಕ "ಎಲಿಫೆಂಟ್ ಬಾಯ್" ಸಿನಿಮಾ ತೆಗೆಯಲು ಮೈಸೂರಿಗೆ ಬಂದಾಗ ಬಿಡಾರ ಹೂಡಿದ್ದು ಈ ಮಹಲಿನಲ್ಲೇ. ಕಥೆ ಕಿಪ್ಲಿಂಗ್‌ದು. ಹೀರೋ ಯಾರು ಗೊತ್ತಾ? ನಮ್ಮ ಹೆಗ್ಗಡದೇವನಕೋಟೆ ಕಡೆಯ ಕಾರಾಪುರದ ಹುಡುಗ ಸಾಬು. ಅವನ ಅಪ್ಪ ಮಹಾರಾಜರ ಆನೆಗಳ ಮಾವುತ. 1937ರಲ್ಲಿ ಸಿನಿಮಾ ಬಂತು. ಆಮೇಲೆ ಆ ಹುಡುಗ ಹಾಲಿವುಡ್‌ಗೇ ಹೋಗಿಬಿಟ್ಟ. "ಥೀಫ್ ಆಫ್ ಬಾಗ್ದಾದ್", "ಜಂಗಲ್ ಬುಕ್" ಎಲ್ಲ ಅವನದೇ. ಮೈಸೂರಿನಲ್ಲಿ ಒಬ್ಬ ಆಟೋದವರನ್ನು ಕೇಳಿ ನೋಡಿ, ಸಾಬು ಯಾರು ಅಂತ. ಗೊತ್ತಿರೋದಿಲ್ಲ. ನನಗೆ ಇದು ಯಾವಾಗಲೂ ಹೊಟ್ಟೆ ಉರಿ.

ಆ ಸಿನಿಮಾದ ಕಾಡಿನ ಭಾಗ ತೆಗೆದಿದ್ದು ಕಾರಾಪುರ, ಕಾಕನಕೋಟೆ ಕಡೆ. ಮಿಕ್ಕಿದ್ದು ಇಂಗ್ಲೆಂಡಿನ ಸ್ಟುಡಿಯೋದಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟೆ ಆಯಿತು, ಖೆಡ್ಡಾ, ಅಂದರೆ ಕಾಡಾನೆ ಹಿಡಿಯುವ ಕೆಲಸ, ನಡೆಯುತ್ತಿದ್ದ ಕಾಡಿನ ಒಂದಷ್ಟು ಭಾಗ ನೀರಿನಡಿ ಹೋಯಿತು. ಹಾಗಾಗಿ ಅಷ್ಟು ದೂರ ಹೋಗುವ ಬದಲು ಗ್ರೀನ್ ಹೋಟೆಲ್ ಅಂಗಳದಲ್ಲಿ ಕೂತು ಕಾಫಿ ಕುಡಿಯಿರಿ. ಮೆಟ್ಟಿಲ ಗೊಡವೆ ಇಲ್ಲ. ಅತ್ತೆಯವರಿಗೆ ಇದೇ ಸರಿ.

ಇನ್ನು ಬಲಮುರಿ. ಅತ್ತೆಯವರು ನೂರಕ್ಕೆ ಎಂಬತ್ತು ಸಲ ಸರಿ ಇರುತ್ತಾರೆ, ಯಾಕೆಂದರೆ ಆ ಕಾಲದಲ್ಲಿ ನೀರಿನ ಹಾಡು ಅಂದರೆ ಬಲಮುರಿಯೇ. ಮೈಸೂರಿನಿಂದ ಕೆಆರ್‌ಎಸ್ ರಸ್ತೆಯಲ್ಲಿ ಹೋಗಿ ಬೆಳಗೊಳದ ಹತ್ತಿರ ತಿರುಗಬೇಕು. ಎಲ್ಲರೂ ಜಲಪಾತ ಅನ್ನುತ್ತಾರೆ. ಅದು ಕಾವೇರಿಗೆ ಅಡ್ಡ ಕಟ್ಟಿರುವ ಹಳೇ ಒಡ್ಡು, ಅದರ ಮೇಲಿಂದ ನೀರು ಹಾಳೆ ಹಾಳೆಯಾಗಿ ಜಾರುತ್ತದೆ. ಎತ್ತರ ಆಳುದ್ದ ಅಷ್ಟೇ. ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿ ಇಟ್ಟರೆ ಮಾತ್ರ ದೊಡ್ಡ ಜಲಪಾತದ ಹಾಗೆ ಕಾಣುತ್ತದೆ. ನೀವೂ ಫೋನು ನೀರಿನ ಹತ್ತಿರ ಹಿಡಿದು ನೋಡಿ, ಮಕ್ಕಳಿಗೆ ತೋರಿಸಿ, ಸಿನಿಮಾದವರ ಕೈಚಳಕ ಏನು ಅಂತ ಅಲ್ಲೇ ಗೊತ್ತಾಗುತ್ತದೆ.

ಅಲ್ಲಿ ನಾನು ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ರಿಫ್ಲೆಕ್ಟರ್ ಅಂದರೆ ಆಗ ಬೆಳ್ಳಿ ಹಾಳೆ ಅಂಟಿಸಿದ ದೊಡ್ಡ ಹಲಗೆ. ನೀರಿನಲ್ಲಿ ಮಂಡಿ ಮಟ್ಟ ನಿಂತು ಇಬ್ಬರು ಅದನ್ನು ಹಿಡಿಯೋರು. ಒಡ್ಡಿನ ಮೇಲೆ ಪಾಚಿ, ಸೀರೆ ಉಟ್ಟ ಹೀರೋಯಿನ್, ಮುಖಕ್ಕೆ ಆ ಬಿಸಿಲು. ಕಣ್ಣು ಬಿಡಲು ಆಗುತ್ತಿರಲಿಲ್ಲ ಪಾಪ. "ರೆಡಿ" ಅಂದ ತಕ್ಷಣ ಕಣ್ಣು ಅರಳಿಸಿ ನಗಬೇಕು, "ಕಟ್" ಅಂದ ತಕ್ಷಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳೋರು. ನೀರಿನ ಸದ್ದಿಗೆ ನಾಗರಾ ಟೇಪ್ ರೆಕಾರ್ಡರಿನಲ್ಲಿ ಹಾಕಿದ ಹಾಡು ಯಾರಿಗೂ ಕೇಳುತ್ತಿರಲಿಲ್ಲ. ಡ್ಯಾನ್ಸ್ ಮಾಸ್ಟರ್ ದಡದಲ್ಲಿ ನಿಂತು ತಾಳವನ್ನು ಕೈಯಲ್ಲಿ ತೋರಿಸೋರು, ಹೀರೋಯಿನ್ ತುಟಿ ಆಡಿಸೋರು. ಮಧ್ಯಾಹ್ನ ಊಟಕ್ಕೆ ಕೂತಾಗ ಅದೇ ನೀರಿನಲ್ಲಿ ನಾವು ಡಬರಿ ತೊಳೆದಿದ್ದೇವೆ. ತೆರೆಯ ಮೇಲೆ ನೋಡಿದರೆ ಸ್ವರ್ಗ.

ಹೋಗುವ ಮುಂಚೆ ಒಂದು ವಿಚಾರಿಸಿಕೊಳ್ಳಿ. ಕೆಆರ್‌ಎಸ್ ತುಂಬಿ, ಅಂದರೆ 124.80 ಅಡಿ ಹತ್ತಿರ ಬಂದು ನೀರು ಜಾಸ್ತಿ ಬಿಟ್ಟಾಗ ಬಲಮುರಿಯಲ್ಲಿ ಇಳಿಯಲು ಬಿಡೋದಿಲ್ಲ, ಇಳಿಯಲೂ ಬಾರದು. ಮಕ್ಕಳಿದ್ದಾರೆ ಬೇರೆ. ಆ ಪಾಚಿ ಇವತ್ತಿಗೂ ಇದೆ.

ಹಳ್ಳಿ ಸೀನುಗಳಿಗೆ ಶ್ರೀರಂಗಪಟ್ಟಣ ತಾಲೂಕಿನ ಮಹದೇವಪುರ. ಹೊಳೆ ದಂಡೆ, ಮರ, ಹೆಂಚಿನ ಮನೆ, ಗದ್ದೆ, ಎಲ್ಲ ಒಂದೇ ಕಡೆ. ಯೂನಿಟ್ ಬಸ್ಸು ಒಂದು ಸಲ ನಿಲ್ಲಿಸಿದರೆ ಸಂಜೆವರೆಗೂ ಕದಲಬೇಕಿಲ್ಲ, ಪ್ರೊಡಕ್ಷನ್ ಮ್ಯಾನೇಜರಿಗೆ ಡೀಸೆಲ್ ಉಳಿತಾಯ. ಅದಕ್ಕೇ ಎಲ್ಲ ಭಾಷೆಯವರೂ ಅಲ್ಲಿಗೇ ಬರೋರು. ಊರಿನವರಿಗೂ ಅಭ್ಯಾಸ ಆಗಿಬಿಟ್ಟಿತ್ತು. ದೊಡ್ಡ ಸ್ಟಾರ್ ಬಂದಿದ್ದರೂ ಹೆಂಗಸರು ಬಿಂದಿಗೆ ಇಟ್ಟುಕೊಂಡು ಫ್ರೇಮಿನ ಮಧ್ಯದಲ್ಲೇ ನಡೆದು ಹೋಗೋರು, ಅಸಿಸ್ಟೆಂಟ್ ಕೂಗಿಕೊಂಡರೂ ತಿರುಗಿ ನೋಡುತ್ತಿರಲಿಲ್ಲ. ಈಗ ಹೆಂಚಿನ ಮನೆಗಳ ಜಾಗದಲ್ಲಿ ತಾರಸಿ ಎದ್ದಿದೆ. ಹೊಳೆ ದಂಡೆ ಮಾತ್ರ ಗುರುತು ಸಿಗುತ್ತದೆ.

ಗುರುತು ಹಿಡಿಯುವುದು ಹೇಗೆ ಅಂತ ಕೇಳಿದ್ದೀರಿ. ಮರವನ್ನು ನಂಬಬೇಡಿ, ಕಟ್ಟಡವನ್ನು ಅದಕ್ಕಿಂತ ಕಡಿಮೆ ನಂಬಿ. ಸಿನಿಮಾವನ್ನು ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ದೂರದ ಬೆಟ್ಟದ ಏರಿಳಿತ, ಬಂಡೆಯ ಸೀಳು, ಕಲ್ಲಿನ ಮೆಟ್ಟಿಲ ಸಾಲು, ಇವು ಬದಲಾಗೋದಿಲ್ಲ. ನೆರಳು ಯಾವ ಕಡೆ ಬಿದ್ದಿದೆ ನೋಡಿದರೆ ಬೆಳಗ್ಗೆಯೋ ಸಂಜೆಯೋ ಗೊತ್ತಾಗುತ್ತದೆ, ಅದೇ ಹೊತ್ತಿಗೆ ಹೋಗಿ. ಹೀರೋ ಮಾತಾಡುವಾಗ ಹಿಂದೆ ಕಾಣುವುದು ಒಂದು ಊರು, ಹೀರೋಯಿನ್ ಉತ್ತರ ಕೊಡುವಾಗ ಹಿಂದೆ ಇನ್ನೊಂದು ಊರು ಇರುವುದೂ ಉಂಟು. ಇಬ್ಬರ ಕಾಲ್‌ಶೀಟ್ ಒಂದೇ ದಿನಕ್ಕೆ ಸಿಗದಿದ್ದರೆ ಹಾಗೆ ಬೇರೆ ಬೇರೆ ತೆಗೆದು ಅಂಟಿಸುತ್ತಿದ್ದರು. ಅತ್ತೆ, ಮಾವ ಇಬ್ಬರ ಮಾತೂ ಸರಿಯಾಗಿರುವ ಸಾಧ್ಯತೆ ಇದೆ ಅಂತ ಹೇಳಿಬಿಡಿ.

ಎಲ್ಲಕ್ಕಿಂತ ದೊಡ್ಡ ಗುಟ್ಟು ಟೈಟಲ್ ಕಾರ್ಡು. ಶುರುವಿನಲ್ಲಿ "ಕೃತಜ್ಞತೆಗಳು" ಅಂತ ಓಡುತ್ತದಲ್ಲ, ಎಲ್ಲರೂ ಅದನ್ನು ಓಡಿಸಿಬಿಡುತ್ತಾರೆ. ನಿಲ್ಲಿಸಿ ಓದಿ. ಊರಿನ ಪಂಚಾಯ್ತಿ, ನೀರಾವರಿ ಇಲಾಖೆ, ಅರಣ್ಯ ಇಲಾಖೆ, ಉಳಿದುಕೊಂಡ ಹೋಟೆಲ್ ಎಲ್ಲರ ಹೆಸರೂ ಅಲ್ಲಿರುತ್ತದೆ. ಊಟ ಹಾಕಿದವರ ಹೆಸರು ಮಾತ್ರ ಇರೋದಿಲ್ಲ!

---

ಯಾದವಗಿರಿ ರಿಟೈರ್ಡ್:

ಟೆಂಪೋ ಸರ್, ಚೆನ್ನಾಗಿ ಬರೆದಿದ್ದೀರಿ. ನಾನು ಒಂದು ಉಲ್ಟಾ ಲೊಕೇಶನ್ ಸೇರಿಸುತ್ತೇನೆ. ಸಿನಿಮಾ ತೆಗೆಯಬೇಕಿದ್ದು ಇಲ್ಲಿ, ತೆಗೆದಿದ್ದು ಬೇರೆ ಕಡೆ.

ಆರ್.ಕೆ. ನಾರಾಯಣ್ ಅವರ "ಗೈಡ್" ಕಾದಂಬರಿಯನ್ನು ದೇವ್ ಆನಂದ್ ಸಿನಿಮಾ ಮಾಡಿದರಲ್ಲ, 1965ರಲ್ಲಿ. ಅದಕ್ಕೆ ಮುಂಚೆ ಸಿನಿಮಾದವರು ಮೈಸೂರಿಗೆ ಬಂದಿದ್ದರು. ಮಾಲ್ಗುಡಿ ಎಲ್ಲಿದೆ ತೋರಿಸಿ ಅಂದರು. ನಾರಾಯಣ್ ಅವರೇ ಕರೆದುಕೊಂಡು ಹೋಗಿ ನಮ್ಮ ಕಡೆಯ ಜಾಗಗಳನ್ನೆಲ್ಲ ತೋರಿಸಿದರು. ಅವರು ಆಹಾ ಓಹೋ ಅಂತ ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಶೂಟಿಂಗ್ ಆಗಿದ್ದು ರಾಜಸ್ಥಾನದಲ್ಲಿ, ಉದಯಪುರ ಕಡೆ. ಅಗಲ ಪರದೆ, ಬಣ್ಣ, ಅರಮನೆ ಬೇಕಿತ್ತು ಅವರಿಗೆ. ನಾರಾಯಣ್ ಇದರ ಬಗ್ಗೆ ನಗುನಗುತ್ತಲೇ ಚುಚ್ಚಿ ಬರೆದಿದ್ದಾರೆ.

ಯಾದವಗಿರಿಯ ಅವರ ಮನೆ 2016ರಿಂದ ಮ್ಯೂಸಿಯಂ ಆಗಿದೆ. ಕಿಟಕಿಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಗ್ರೀನ್ ಹೋಟೆಲ್‌ನಿಂದ ಆಟೋದಲ್ಲಿ ಹತ್ತಿರ.

ನಮ್ಮವರೂ ಹಾಗೇ ಬಿಡಿ. ಪುಟ್ಟಣ್ಣ ಕಣಗಾಲರ ಊರು ನಮ್ಮ ಪಿರಿಯಾಪಟ್ಟಣ ತಾಲೂಕಿನ ಕಣಗಾಲ್. "ನಾಗರಹಾವು" ತೆಗೆಯಲು ಹೋಗಿದ್ದು ಚಿತ್ರದುರ್ಗಕ್ಕೆ. ಕಥೆಯೇ ಅಲ್ಲಿಯದು, ಅದು ಬೇರೆ ಮಾತು. ಆದರೆ ಮೈಸೂರಿನಲ್ಲಿ ಹುಟ್ಟಿದ ವಿಷ್ಣುವರ್ಧನ್ ಹೆಸರು ಮಾಡಿದ್ದು ದುರ್ಗದ ಬಂಡೆಗಳ ಮೇಲೆ. ಅವರ ಸ್ಮಾರಕ ಈಗ ಎಚ್.ಡಿ. ಕೋಟೆ ರಸ್ತೆಯ ಹಾಲಾಳು ಗ್ರಾಮದಲ್ಲಿದೆ, 2023ರ ಜನವರಿಯಲ್ಲಿ ಶುರುವಾಯಿತು. ಅತ್ತೆಯವರು ವಿಷ್ಣು ಅಭಿಮಾನಿಯಾದರೆ ಒಂದು ಗಂಟೆ ಅಲ್ಲಿಗೂ ಇಡಿ.

---

ಜಕ್ಕನಹಳ್ಳಿ ಕ್ರಾಸ್:

ಮೇಲುಕೋಟೆ ಬಗ್ಗೆ ಯಾರೂ ಬರೆದಿಲ್ಲ ಅಂತ ನಾನು ಬಂದೆ. ನಮ್ಮ ಕಡೆಯದು, ಬಿಟ್ಟುಕೊಡೋಕಾಗಲ್ಲ.

ಅಕ್ಕಾ, ನಿಮ್ಮ ಪಟ್ಟಿಯಲ್ಲಿ ಒಂದೇ ಜಾಗಕ್ಕೆ ಹೋಗಲು ಟೈಮ್ ಇದ್ದರೆ ಅದು ಮೇಲುಕೋಟೆ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಶ್ರೀರಂಗಪಟ್ಟಣ, ಪಾಂಡವಪುರ, ನಮ್ಮ ಜಕ್ಕನಹಳ್ಳಿ, ಅಲ್ಲಿಂದ ಬೆಟ್ಟ. ಸಿನಿಮಾದವರಿಗೆ ಅಲ್ಲಿ ಎಲ್ಲ ಕಲ್ಲೇ. ಅದಕ್ಕೇ ಅಲ್ಲಿ ತೆಗೆದ ದೃಶ್ಯ ಗುರುತು ಹಿಡಿಯುವುದು ಸುಲಭ.

ರಾಯಗೋಪುರಕ್ಕೆ ಮೊದಲು ಹೋಗಿ. ಅರ್ಧಕ್ಕೇ ನಿಂತ ಗೋಪುರ, ಭಾರೀ ಎತ್ತರದ ನಾಲ್ಕು ಕಂಬ, ಮೇಲೆ ಆಕಾಶ. ಬುಡದಲ್ಲಿ ನಿಂತು ತಲೆ ಎತ್ತಿದರೆ ಕತ್ತು ನೋಯುತ್ತದೆ. ಮಣಿರತ್ನಂ ಅವರ "ದಳಪತಿ" (1991) ಇಲ್ಲಿ ತೆಗೆದರು. ರಜನಿಕಾಂತ್, ಮಮ್ಮುಟ್ಟಿ ಇಬ್ಬರೂ ಇದ್ದ ಸಿನಿಮಾ. ಆ ಕಂಬಗಳ ನಡುವೆ ಕುಣಿಯುವ ಇಳಯರಾಜ ಹಾಡು ಹಾಕಿಕೊಂಡು ನೋಡಿ, ಆಮೇಲೆ ಹೋಗಿ ನಿಲ್ಲಿ, ಹೋಲಿಸೋಕೆ ಏನೂ ಕಷ್ಟ ಇಲ್ಲ. ಕ್ಯಾಮೆರಾ ಸಂತೋಷ್ ಶಿವನ್. ಅದೇ ಸಿನಿಮಾಕ್ಕೆ ಸೋಮನಾಥಪುರದ ದೇವಸ್ಥಾನವನ್ನೂ ಬಳಸಿಕೊಂಡಿದ್ದಾರೆ.

ರಾಯಗೋಪುರದ ಪಕ್ಕದಲ್ಲೇ ಅಕ್ಕ-ತಂಗಿ ಕೊಳ ಇದೆ. ಒಂದರ ಪಕ್ಕ ಒಂದು. ಒಂದರ ನೀರು ಸಿಹಿ, ಇನ್ನೊಂದರದು ಹಾಗಲ್ಲ ಅಂತ ನಮ್ಮ ಕಡೆ ಕಥೆ ಹೇಳುತ್ತಾರೆ. ಅಲ್ಲೂ ಸುಮಾರು ಶೂಟಿಂಗ್ ಆಗಿವೆ.

ಕಲ್ಯಾಣಿಯಲ್ಲಿ ಅತ್ತೆಯವರನ್ನು ಮೇಲಿನ ಮಂಟಪದಲ್ಲೇ ಕೂರಿಸಿ. ನೆರಳಿದೆ, ನಾಲ್ಕೂ ಕಡೆ ಮೆಟ್ಟಿಲ ಸಾಲು ಕಾಣುತ್ತದೆ, ಕೆಳಗೆ ಇಳಿಯುವ ಅಗತ್ಯವೇ ಇಲ್ಲ. ಸಿನಿಮಾದಲ್ಲೂ ಕ್ಯಾಮೆರಾ ಮೇಲಿಂದಲೇ ಜಾಸ್ತಿ ಇಟ್ಟಿರುವುದು. ಯೋಗಾನರಸಿಂಹ ಬೆಟ್ಟ ಹತ್ತುವುದು ಬೇಡ. ಹಿನ್ನೆಲೆಯಲ್ಲಿ ಅದು ಕಾಣುವ ಹಾಗೆ ನಿಂತರೆ ಫೋಟೋಗೆ ಸಾಕು. ಟೆಂಪೋ ಅಣ್ಣ ಹೇಳಿದ ಬೆಟ್ಟದ ಏರಿಳಿತಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಮೇಲೆ ದೇವಸ್ಥಾನ ಕೂತ ಆ ಬಂಡೆ ಯಾವ ಫ್ರೇಮಿನಲ್ಲಿ ಬಂದರೂ ಮೇಲುಕೋಟೆ ಅಂತ ಕಣ್ಣು ಮುಚ್ಚಿ ಹೇಳಬಹುದು.

ಒಂದು ಕಿರಿಕಿರಿ ಇದೆ. ದೊಡ್ಡ ಕ್ಯಾಮೆರಾ, ಸ್ಟ್ಯಾಂಡು ಹಿಡಿದು ಹೋದರೆ ಯಾರಾದರೂ ಬಂದು ದುಡ್ಡು ಕೇಳುತ್ತಾರೆ. ಮದುವೆಗೆ ಮುಂಚಿನ ಫೋಟೋಶೂಟ್‌ನವರು ಬಂದು ಬಂದು ಹೀಗಾಗಿದೆ. ರಸೀದಿ ಕೊಟ್ಟರೆ ಕೊಡಿ, ಇಲ್ಲದಿದ್ದರೆ ಫೋನಲ್ಲಿ ತೆಗೆದುಕೊಂಡು ಬನ್ನಿ. ಪುಳಿಯೋಗರೆ ತಿನ್ನದೆ ಇಳಿಯಬೇಡಿ.

ಇನ್ನು ಹಳೇದಲ್ಲ, ಆದರೂ ಹೇಳುತ್ತೇನೆ. "ತಿಥಿ" ಸಿನಿಮಾ ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದಿದ್ದು, ನಟಿಸಿದ್ದೂ ಸುತ್ತಮುತ್ತಲ ಊರಿನ ಜನವೇ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಆದರೆ ದಯವಿಟ್ಟು ಅಲ್ಲಿಗೆ ಗಾಡಿ ತುಂಬಿಕೊಂಡು ಹೋಗಬೇಡಿ. ಅದು ಲೊಕೇಶನ್ ಅಲ್ಲ, ಜನ ಬದುಕುತ್ತಿರುವ ಊರು.

---

ಬೆಳಗಿನ ಮೆಮು:

ಶೋಲೆ ಬಗ್ಗೆ. ನಾನು ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು, ರಾಮನಗರದ ಬಂಡೆಗಳನ್ನು ಕಿಟಕಿಯಿಂದ ನೋಡಿಕೊಂಡೇ ಬದುಕು ಸಾಗಿದೆ.

ರಾಮದೇವರ ಬೆಟ್ಟ. 1973ರ ಅಕ್ಟೋಬರ್‌ನಲ್ಲಿ ಶೂಟಿಂಗ್ ಶುರು, 1975ರ ಆಗಸ್ಟ್ 15ಕ್ಕೆ ರಿಲೀಸ್. ರಾಮಗಢ ಅನ್ನುವ ಊರು ಪೂರ್ತಿ ಸೆಟ್. ಠಾಕೂರ್ ಮನೆ, ದೇವಸ್ಥಾನ, ನೀರಿನ ಟ್ಯಾಂಕು ಏನೂ ಉಳಿದಿಲ್ಲ. ಬಂಡೆ ಇದೆ, ಅಷ್ಟೇ. ನಿಮ್ಮ ನಾದಿನಿಯವರ ಯಜಮಾನರಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಬೇಜಾರಾಗುತ್ತಾರೆ. ರೈಲು ದರೋಡೆ ಸೀನು ಇಲ್ಲಿಯದಲ್ಲ, ಅದನ್ನು ತೆಗೆದಿದ್ದು ಮಹಾರಾಷ್ಟ್ರದ ಪನ್ವೇಲ್ ಕಡೆ. ಪುಣೆಯವರಿಗೆ ಮನೆ ಹತ್ತಿರವೇ ಆಯಿತು!

2012ರಲ್ಲಿ ಬೆಟ್ಟವನ್ನು ರಣಹದ್ದುಗಳ ವನ್ಯಧಾಮ ಮಾಡಿದ್ದಾರೆ. ಅರಣ್ಯ ಇಲಾಖೆ ಗೇಟು, ಟಿಕೆಟ್ಟು ಇದೆ. ಗಬ್ಬರ್ ಡೈಲಾಗು ಕೂಗಿ ರೀಲ್ಸ್ ಮಾಡಬೇಡಿ, ಅಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಮೇಲೆ ದೇವಸ್ಥಾನಕ್ಕೆ ಮೆಟ್ಟಿಲು ಜಾಸ್ತಿ. ಮೈಸೂರಿನಿಂದ ಹೋಗಿ ಬರುವುದೇ ಅರ್ಧ ದಿನ. ನನ್ನ ಪ್ರಕಾರ ಅವರು ವಾಪಸ್ ಹೋಗುವಾಗ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ನೋಡಿಕೊಳ್ಳಲಿ. ಎಕ್ಸ್‌ಪ್ರೆಸ್‌ವೇ ಮೇಲೇ ಹೋದರೆ ಊರು ಗೊತ್ತೇ ಆಗುವುದಿಲ್ಲ, ಇಳಿಯಬೇಕಾದ ಕಡೆ ಮೊದಲೇ ನೋಡಿಟ್ಟುಕೊಳ್ಳಿ.

---

ಸರಸ್ವತಿಪುರಂ ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಎಲ್ಲ ಓದಿ ಹೇಳಿದೆ. ಸಾಬು ವಿಷಯ ಕೇಳಿ ಅವರಿಗೆ ಆಶ್ಚರ್ಯ. ಅವರ ತಂದೆ ಖೆಡ್ಡಾ ನೋಡಲು ಕಾಕನಕೋಟೆಗೆ ಹೋಗಿದ್ದರಂತೆ, ಆದರೆ ಈ ಹುಡುಗನ ಹೆಸರು ಮನೆಯಲ್ಲಿ ಯಾರೂ ಎತ್ತಿರಲಿಲ್ಲವಂತೆ. ಸ್ಟುಡಿಯೋ ಬೆಂಕಿ ಬಿದ್ದ ಸುದ್ದಿ ಬಂದಾಗ ಅವರು ಸ್ಕೂಲಿನಲ್ಲಿದ್ದರು, ಅವರ ಕ್ಲಾಸಿನ ಒಬ್ಬ ಹುಡುಗನ ಚಿಕ್ಕಪ್ಪ ಅಲ್ಲಿ ಕೆಲಸಕ್ಕಿದ್ದರು ಅಂತ ಹೇಳಿ ಸುಮ್ಮನಾದರು. ನಾನೂ ಮುಂದೆ ಕೇಳಲಿಲ್ಲ.

ಈಗ ಹೀಗೆ ಯೋಚನೆ ಮಾಡಿದ್ದೇವೆ. ಮೊದಲ ದಿನ ಮೇಲುಕೋಟೆ ಮಾತ್ರ, ಅವಸರ ಇಲ್ಲದೆ. ಮಾರನೇ ದಿನ ಬೆಳಗ್ಗೆ ಬೃಂದಾವನ, ಬಲಮುರಿ, ಮಧ್ಯಾಹ್ನ ಊರಿಗೆ ಬಂದು ಚಿತ್ತರಂಜನ್ ಮಹಲ್, ನಾರಾಯಣ್ ಮನೆ. ಶೋಲೆ ಅವರ ಪಾಲಿಗೆ ಬಿಟ್ಟೆವು. ಸೋಮನಾಥಪುರ ಎಲ್ಲಿ ಸೇರಿಸುವುದು ಗೊತ್ತಾಗುತ್ತಿಲ್ಲ. ಬಲಮುರಿ ಆದ ಮೇಲೆ ಸಂಜೆ ಹೋದರೆ ಆಗುತ್ತದಾ? ಟೆಂಪೋ ಸರ್, ನೀವು ಅಲ್ಲಿಗೂ ಊಟ ಕೊಂಡೊಯ್ದಿದ್ದಿರಾ?

---

ಟಿಫನ್ ಟೆಂಪೋ:

ಹೋಗಿದ್ದೆ ಮೇಡಂ. ದೇವಸ್ಥಾನದ ಕಾಂಪೌಂಡಿನ ಒಳಗೆ ಒಲೆ ಹಚ್ಚಲು ಬಿಡುತ್ತಿರಲಿಲ್ಲ, ಸರಿಯೇ. ಹೊರಗೆ ರಸ್ತೆ ಪಕ್ಕ ಇಳಿಸಿ, ಯೂನಿಟ್‌ನವರು ತಂಡ ತಂಡವಾಗಿ ಬಂದು ಉಣ್ಣೋರು. ಲೈಟಿನವರಿಗೆ ಮುದ್ದೆ ಬೇಕೇ ಬೇಕು, ಬೊಂಬಾಯಿಯಿಂದ ಬಂದವರಿಗೆ ಚಪಾತಿ. ಬನ್ನೂರಿನಿಂದ ಮೊಸರು ತರಿಸಿದ ದಿನ ಎಲ್ಲರೂ ಎರಡೆರಡು ಸಲ ಬಡಿಸಿಕೊಂಡಿದ್ದರು.

ಸಂಜೆ ಬೇಡ. ಅದು ಪೂರ್ವಕ್ಕೆ ಮುಖ ಮಾಡಿರುವ ದೇವಸ್ಥಾನ. ಬೆಳಗಿನ ಬಿಸಿಲು ಮುಂಭಾಗಕ್ಕೆ ನೇರ ಬೀಳುತ್ತದೆ, ಜಾಲಂಧ್ರಗಳ, ಅಂದರೆ ಕಲ್ಲಿನ ಜಾಲರಿ ಕಿಟಕಿಗಳ, ಒಳಗಿಂದ ಬರುವ ಬೆಳಕೂ ಆಗಲೇ ಚೆನ್ನ. ಮಧ್ಯಾಹ್ನದ ಮೇಲೆ ಮುಂಭಾಗಕ್ಕೆ ನೆರಳು. ಹದಿಮೂರನೇ ಶತಮಾನದಲ್ಲಿ ಕಟ್ಟಿದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ. ಸಂಜೆ ಐದೂವರೆಗೆ ಬಾಗಿಲು ಹಾಕುತ್ತಾರೆ, ಅದಕ್ಕೂ ಮುಂಚೆಯೇ ಕಾವಲಿನವರು ಶಿಳ್ಳೆ ಊದಿ ಎಬ್ಬಿಸುತ್ತಾರೆ.

ಸಿನಿಮಾದವರಿಗೆ ಅಲ್ಲಿ ದೇವಸ್ಥಾನಕ್ಕಿಂತ ಸುತ್ತಲಿನ ಕೈಸಾಲೆ ಮೇಲೆ ಆಸೆ. 64 ಪುಟ್ಟ ಗುಡಿಗಳ ಸಾಲು, ಮುಂದೆ ಕಂಬಗಳು. ಟ್ರಾಲಿ ಹಾಕಿ ಕಂಬ ಕಂಬ ದಾಟುತ್ತಾ ಹೋದರೆ ಒಂದೇ ಶಾಟಿನಲ್ಲಿ ಬೆಳಕು ನೆರಳು ಬಂದು ಬಂದು ಹೋಗುತ್ತದೆ. ಅತ್ತೆಯವರನ್ನು ಅದರಲ್ಲೇ ನಡೆಸಿ, ನೆರಳಲ್ಲಿ ನೆಲ ಸಮ ಇದೆ. ಗರ್ಭಗುಡಿ ಕಡೆ ಎತ್ತರದ ಜಗಲಿ ಹತ್ತಬೇಕು, ಅದೊಂದು ಕೈ ಹಿಡಿದುಕೊಳ್ಳಿ.

ನನ್ನ ಸಲಹೆ, ಎರಡನೇ ದಿನ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಸೋಮನಾಥಪುರ. ಬನ್ನೂರಿನಲ್ಲಿ ತಿಂಡಿ. ಬೃಂದಾವನ ಬಿಟ್ಟು ಬಲಮುರಿಗೆ ಮಧ್ಯಾಹ್ನ ಬನ್ನಿ. ಬೃಂದಾವನವನ್ನು ಮಾವನವರ ಜೊತೆ ದಸರಾ ಗಲಾಟೆ ಮುಗಿದ ಮೇಲೆ ಒಂದು ವಾರದ ದಿನ ನೋಡಿದರಾಯಿತು. ಮನೆಯಿಂದ ಅರ್ಧ ಗಂಟೆ ದಾರಿ ಅಲ್ವಾ.

---

ಜಕ್ಕನಹಳ್ಳಿ ಕ್ರಾಸ್:

ಮೇಲುಕೋಟೆಗೆ ಬರುವ ದಿನ ಇಲ್ಲಿ ಒಂದು ಮೆಸೇಜ್ ಹಾಕಿ ಅಕ್ಕಾ. ಬೆಳಗ್ಗೆ ಎಂಟರೊಳಗೆ ರಾಯಗೋಪುರಕ್ಕೆ ಬಂದರೆ ಗಾಡಿ ಹತ್ತಿರದಲ್ಲೇ ನಿಲ್ಲುತ್ತದೆ. ತಡವಾದರೆ ಫೋಟೋಶೂಟ್‌ನವರ ಕಾರುಗಳು ದಾರಿ ತುಂಬಿರುತ್ತವೆ, ಅತ್ತೆಯವರು ದೂರದಿಂದ ನಡೆಯಬೇಕಾಗುತ್ತದೆ. ಕೋತಿಗಳ ಕಾಟ ಇದೆ, ಮಕ್ಕಳ ಕೈಯಲ್ಲಿ ಚಿಪ್ಸ್ ಪೊಟ್ಟಣ ಕೊಡಬೇಡಿ.